ಆಡಿದ್ದು ಬೇರೆ, ಆಡಿಸಿದ್ದು ಬೇರೆ: ಕೋಚ್‌ಗಳು ಅಮೆರಿಕಕ್ಕೆ ‘ಅಸಾಧಾರಣ ಸಾಮರ್ಥ್ಯ’ ಸಾಬೀತು ಮಾಡುವುದು ಹೇಗೆ?

“ರಣಜಿ ಆಡಿದೀನಿ, ಹತ್ತು ವರ್ಷದಿಂದ ಕೋಚಿಂಗ್ ಮಾಡ್ತಾ ಇದೀನಿ. ನನಗೂ ಆ ಐನ್‌ಸ್ಟೀನ್ ವೀಸಾ ಸಿಗುತ್ತಾ?”

ಕ್ರಿಕೆಟ್ ನೆಟ್ಸ್ ಪಕ್ಕದಲ್ಲಿ, ಬ್ಯಾಡ್ಮಿಂಟನ್ ಹಾಲ್‌ಗಳ ಹೊರಗೆ ಈಗ ಇಂಥ ಪ್ರಶ್ನೆ ಓಡಾಡುತ್ತಿದೆ. ಕಾರಣಗಳೂ ಇವೆ. 2023ರ ಜುಲೈನಲ್ಲಿ ಅಮೆರಿಕದಲ್ಲಿ ಮೇಜರ್ ಲೀಗ್ ಕ್ರಿಕೆಟ್ ಶುರುವಾಯಿತು. 2024ರ ಟಿ20 ವಿಶ್ವಕಪ್‌ನ ಹಲವು ಪಂದ್ಯಗಳು ಅಲ್ಲೇ ನಡೆದವು. 128 ವರ್ಷಗಳ ನಂತರ ಕ್ರಿಕೆಟ್ 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಮರಳುತ್ತಿದೆ. ಇದರ ನಡುವೆ 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ (ಉದ್ಯೋಗ ವೀಸಾ) ಅರ್ಜಿಗಳ ಮೇಲೆ ಒಂದು ಲಕ್ಷ ಡಾಲರ್ ಹೊರೆ ಬಿದ್ದ ಮೇಲೆ, ಬೇರೆ ದಾರಿ ಯಾವುದಿದೆ ಎಂದು ಹುಡುಕುವವರು ಹೆಚ್ಚಾದರು. ಹಾಗೆ ನೋಡಿದರೆ ಎಚ್-1ಬಿ ಕೋಚ್‌ಗಳಿಗೆ ಒಗ್ಗುವುದು ಮೊದಲಿಂದಲೂ ಕಷ್ಟ. ಕೆಲಸಕ್ಕೆ ನಿರ್ದಿಷ್ಟ ವಿಷಯದ ಪದವಿ ಬೇಕೇ ಬೇಕು ಎಂದು ಅಲ್ಲಿ ತೋರಿಸಬೇಕು. ಬೌಲಿಂಗ್ ಹೇಳಿಕೊಡಲು ಯಾವ ಪದವಿ ಬೇಕು?

ಕರ್ನಾಟಕದ ಕೋಚ್‌ಗಳು ಅತ್ತ ಹೋಗುವುದು ಹೊಸದಲ್ಲ. 2013–14 ಮತ್ತು 2014–15ರಲ್ಲಿ ಕರ್ನಾಟಕ ಸತತವಾಗಿ ರಣಜಿ ಗೆದ್ದಾಗ ತಂಡದ ಕೋಚ್ ಆಗಿದ್ದ ಜೆ. ಅರುಣ್ ಕುಮಾರ್ 2020ರಲ್ಲಿ ಅಮೆರಿಕದ ಪುರುಷರ ತಂಡಕ್ಕೆ ಮುಖ್ಯ ಕೋಚ್ ಆದರು. ಆದರೆ ಒಂದು ತಂಡಕ್ಕೆ ಕೆಲಸ ಮಾಡಲು ಹೋಗುವುದು ಬೇರೆ, ಗ್ರೀನ್ ಕಾರ್ಡ್ ಪಡೆದು ಅಲ್ಲೇ ನೆಲೆಸುವುದು ಬೇರೆ. ಈ ಲೇಖನ ಎರಡನೆಯದರ ಬಗ್ಗೆ.

ಐನ್‌ಸ್ಟೀನ್ ವೀಸಾ ಅಂದರೆ ಏನು?

ಆ ಹೆಸರು ಯಾವ ಕಾನೂನಿನಲ್ಲೂ ಇಲ್ಲ, ಜನ ಇಟ್ಟದ್ದು. ಐನ್‌ಸ್ಟೀನ್ ಅಮೆರಿಕಕ್ಕೆ ಹೋದದ್ದು 1933ರಲ್ಲಿ, ಈ ವರ್ಗ ಹುಟ್ಟಿದ್ದು 1990ರ ವಲಸೆ ಕಾಯ್ದೆಯಲ್ಲಿ. ಕಡತದಲ್ಲಿ ಇದರ ಹೆಸರು ಇಬಿ-1ಎ. ವಿಜ್ಞಾನ, ಕಲೆ, ಶಿಕ್ಷಣ, ವ್ಯಾಪಾರ, ಕ್ರೀಡೆ ಈ ಐದು ಕ್ಷೇತ್ರಗಳಲ್ಲಿ ‘ಅಸಾಧಾರಣ ಸಾಮರ್ಥ್ಯ’ ಇರುವವರಿಗೆ ಮೀಸಲು.

ಅಸಾಧಾರಣ ಅಂದರೆ ಎಷ್ಟು? ತನ್ನ ಕ್ಷೇತ್ರದ ತುತ್ತತುದಿಗೆ ಏರಿದ ಕೆಲವೇ ಕೆಲವರಲ್ಲಿ ಒಬ್ಬರಾಗಿರಬೇಕು ಎನ್ನುತ್ತದೆ ನಿಯಮ. ಜೊತೆಗೆ ಆ ಹೆಸರು ಒಂದು ಸಲ ಮಿಂಚಿ ಹೋದದ್ದಾಗಿರಬಾರದು, ರಾಷ್ಟ್ರ ಅಥವಾ ಅಂತರರಾಷ್ಟ್ರೀಯ ಮಟ್ಟದಲ್ಲಿ ಉಳಿದುಕೊಂಡು ಬಂದಿರಬೇಕು. ಊರಿನಲ್ಲಿ ಒಳ್ಳೆಯ ಕೋಚ್, ಜಿಲ್ಲೆಗೆ ಗೊತ್ತಿರುವ ಕೋಚ್ ಎಂಬುದು ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇಷ್ಟು ಕಠಿಣ ಷರತ್ತಿಗೆ ಬದಲಾಗಿ ಒಂದು ದೊಡ್ಡ ಅನುಕೂಲ ಇದೆ. ಕೆಲಸ ಕೊಡುವವರು ಯಾರೂ ಬೇಕಾಗಿಲ್ಲ. ಐ-140 ಎಂಬ ಅರ್ಜಿಯನ್ನು ನಿಮ್ಮ ಪರವಾಗಿ ನೀವೇ ಹಾಕಿಕೊಳ್ಳಬಹುದು. ಅಲ್ಲಿ ಹೋಗಿ ಅದೇ ಕೆಲಸ ಮುಂದುವರಿಸುತ್ತೀರಿ ಎಂಬುದಕ್ಕೆ ಮಾತ್ರ ಆಧಾರ ಬೇಕು: ಅಕಾಡೆಮಿಯೊಂದರ ಪತ್ರವೋ, ಒಪ್ಪಂದವೋ, ನಿಮ್ಮದೇ ಯೋಜನೆಯ ವಿವರವೋ.

ಇದರ ಸೋದರ ಸಂಬಂಧಿ ಒಂದಿದೆ, ಓ-1. ಅದೂ ಅಸಾಧಾರಣ ಸಾಮರ್ಥ್ಯದ್ದೇ, ಆದರೆ ತಾತ್ಕಾಲಿಕ. ಮೊದಲ ಸಲ ಗರಿಷ್ಠ ಮೂರು ವರ್ಷ. ಅದಕ್ಕೆ ಅಮೆರಿಕದ ಸಂಸ್ಥೆಯೋ ಏಜೆಂಟೋ ಅರ್ಜಿ ಹಾಕಬೇಕು. ಓ-1 ಸಿಕ್ಕಿದೆ, ಆದ್ದರಿಂದ ಇಬಿ-1ಎ ತಾನಾಗಿ ಸಿಗುತ್ತದೆ ಎಂದುಕೊಳ್ಳುವವರಿದ್ದಾರೆ. ಹಾಗೇನಿಲ್ಲ. ಎರಡನ್ನೂ ಬೇರೆ ಬೇರೆಯಾಗಿ ತೂಗುತ್ತಾರೆ.

ವೇಷಧಾರಿಯೋ, ಭಾಗವತರೋ?

ಕೋಚ್‌ಗಳ ಅರ್ಜಿ ಹೆಚ್ಚಾಗಿ ಎಡವುವುದು ಇಲ್ಲಿ. ಹಾಗಾಗಿ ಸ್ವಲ್ಪ ನಿಂತು ನೋಡೋಣ.

ಯಕ್ಷಗಾನದ ಪ್ರದರ್ಶನಕ್ಕೆ ನಾವು ‘ಆಟ’ ಎನ್ನುತ್ತೇವೆ. ರಂಗದ ಮೇಲೆ ಕುಣಿಯುವವರು ವೇಷಧಾರಿಗಳು. ಜಾಗಟೆ ಹಿಡಿದು ಆಟ ಆಡಿಸುವವರು ಭಾಗವತರು. ಒಳ್ಳೆಯ ವೇಷಧಾರಿ ನಾಳೆ ಒಳ್ಳೆಯ ಭಾಗವತರಾಗಬಹುದು, ಆಗದೆಯೂ ಇರಬಹುದು. ಅಮೆರಿಕದ ವಲಸೆ ಕಾನೂನು ಆಟಗಾರ ಮತ್ತು ಕೋಚ್ ಇಬ್ಬರನ್ನೂ ನೋಡುವುದು ಹೀಗೆಯೇ.

ಇದಕ್ಕೆ ಮತ್ತೆ ಮತ್ತೆ ಉಲ್ಲೇಖವಾಗುವ ಪ್ರಕರಣ ಕೊರಿಯಾದ ಬೇಸ್‌ಬಾಲ್ ಆಟಗಾರ ಲೀ ಮಾನ್-ಸೂ ಅವರದು. ದಕ್ಷಿಣ ಕೊರಿಯಾದ ವೃತ್ತಿಪರ ಲೀಗ್ 1982ರಲ್ಲಿ ಶುರುವಾದಾಗ ಅದರ ಮೊಟ್ಟಮೊದಲ ಹೋಮ್ ರನ್ ಹೊಡೆದವರು ಅವರು. 1984ರಲ್ಲಿ ಬ್ಯಾಟಿಂಗ್ ಸರಾಸರಿ, ಹೋಮ್ ರನ್, ರನ್ ಕೊಡುಗೆ ಮೂರರಲ್ಲೂ ಲೀಗ್‌ಗೇ ಮೊದಲಿಗರಾಗಿದ್ದರು. ಅಂಥವರು ಷಿಕಾಗೊ ವೈಟ್ ಸಾಕ್ಸ್ ತಂಡದ ಕೋಚಿಂಗ್ ಕೆಲಸದ ಆಧಾರದ ಮೇಲೆ ಈ ವರ್ಗದಲ್ಲಿ ಅರ್ಜಿ ಹಾಕಿದರು. ಅಮೆರಿಕದ ವಲಸೆ ಇಲಾಖೆ ತಿರಸ್ಕರಿಸಿತು. ಅವರು ಕೋರ್ಟಿಗೆ ಹೋದರು. 2002ರಲ್ಲಿ ಇಲಿನಾಯ್‌ನ ಫೆಡರಲ್ ಜಿಲ್ಲಾ ನ್ಯಾಯಾಲಯ ಇಲಾಖೆಯ ಪರವಾಗಿ ನಿಂತಿತು. ಅವರು ಕೊರಿಯಾದ ದೊಡ್ಡ ಆಟಗಾರ ಎಂಬುದರಲ್ಲಿ ನ್ಯಾಯಾಲಯಕ್ಕೆ ಅನುಮಾನವಿರಲಿಲ್ಲ. ಆದರೆ ಆಟಗಾರನಾಗಿ ಅಸಾಧಾರಣ ಎಂದ ಮಾತ್ರಕ್ಕೆ ಅದೇ ಆಟದ ಮ್ಯಾನೇಜರ್, ಅಂಪೈರ್, ಕೋಚ್ ಆಗಿಯೂ ಅಸಾಧಾರಣ ಎಂದು ಆಗುವುದಿಲ್ಲ ಎಂದಿತು. ಅದೇ ವೈಟ್ ಸಾಕ್ಸ್ 2005ರಲ್ಲಿ ವರ್ಲ್ಡ್ ಸೀರೀಸ್ ಗೆದ್ದಾಗ ಲೀ ಆ ತಂಡದ ಸಿಬ್ಬಂದಿಯಲ್ಲಿದ್ದರು. ಕಾನೂನಿನ ತಕ್ಕಡಿಗೂ ಮೈದಾನದ ತಕ್ಕಡಿಗೂ ಕಲ್ಲು ಬೇರೆ ಬೇರೆ ಇರಬೇಕು.

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಅರ್ಜಿಗಳನ್ನು ಪರಿಶೀಲಿಸುವ ಇಲಾಖೆಯ, ಅಂದರೆ ಯುಎಸ್‌ಸಿಐಎಸ್‌ನ ಕೈಪಿಡಿ ಕೋಚ್‌ಗಳ ಬಗ್ಗೆಯೇ ಪ್ರತ್ಯೇಕವಾಗಿ ಹೇಳುತ್ತದೆ. ಆಟಗಾರನಾಗಿ ಇತ್ತೀಚಿನವರೆಗೂ ದೊಡ್ಡ ಹೆಸರಿದ್ದು, ಅದು ಕೋಚಿಂಗ್‌ನಲ್ಲೂ ರಾಷ್ಟ್ರ ಮಟ್ಟದಲ್ಲಿ ಮುಂದುವರಿದಿದ್ದರೆ ಎರಡನ್ನೂ ಒಟ್ಟಿಗೆ ಸೇರಿಸಿ ನೋಡಬಹುದು. ಆದರೆ ಆಟ ಬಿಟ್ಟು ಬಹಳ ವರ್ಷಗಳಾಗಿ, ಕೋಚ್ ಆಗಿ ಹೆಸರು ಮಾಡಲು ಸಾಕಷ್ಟು ಕಾಲ ಸಿಕ್ಕಿದ್ದರೆ ಅಧಿಕಾರಿ ಕೋಚಿಂಗ್ ಸಾಧನೆಗೇ ಹೆಚ್ಚು ತೂಕ ಕೊಡಬಹುದು, ಅಥವಾ ಅದನ್ನು ಮಾತ್ರವೇ ನೋಡಬಹುದು.

ಅಂದರೆ ಮೊನ್ನೆ ನಿವೃತ್ತರಾದವರಿಗೆ ಆಟದ ದಿನಗಳ ಪದಕಗಳು ನೆರವಿಗೆ ಬರುತ್ತವೆ. ಹದಿನೈದು ವರ್ಷದ ಹಿಂದೆ ಬೂಟು ಕಳಚಿದವರಿಗೆ ಅವು ಗೋಡೆಯ ಅಲಂಕಾರವಷ್ಟೇ. ಶುರುವಿನಲ್ಲಿ ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ: ರಣಜಿ ಆಡಿದ್ದಕ್ಕಿಂತ ಆ ಹತ್ತು ವರ್ಷ ಯಾರನ್ನು ತಯಾರು ಮಾಡಿದಿರಿ ಎಂಬುದೇ ಮುಖ್ಯವಾಗುತ್ತದೆ.

ನಮ್ಮಲ್ಲೂ ಈ ಭೇದ ಇದೆ. ಆಟಗಾರರಿಗೆ ಅರ್ಜುನ ಪ್ರಶಸ್ತಿ 1961ರಿಂದ. ಕೋಚ್‌ಗಳಿಗೆ ದ್ರೋಣಾಚಾರ್ಯ 1985ರಿಂದ. ಬೆಂಗಳೂರಿನಲ್ಲಿ ಪ್ರಕಾಶ್ ಪಡುಕೋಣೆ ಅವರ ಬಳಿ ಪಳಗಿದ ಪುಲ್ಲೇಲ ಗೋಪಿಚಂದ್ ಅವರಿಗೆ ಎರಡೂ ಬಂದಿವೆ. 2001ರ ಆಲ್ ಇಂಗ್ಲೆಂಡ್ ಕಿರೀಟ ಆಟಗಾರನ ಕಡತಕ್ಕೆ ಸೇರಿದ್ದು. 2012ರಲ್ಲಿ ಸೈನಾ ನೆಹ್ವಾಲ್ ಅವರ ಒಲಿಂಪಿಕ್ ಕಂಚು, 2016ರಲ್ಲಿ ಪಿ.ವಿ. ಸಿಂಧು ಅವರ ಬೆಳ್ಳಿ ಕೋಚ್‌ನ ಕಡತಕ್ಕೆ. ಅರ್ಜಿ ತಯಾರಿಸುವವರು ಮೊದಲು ಮಾಡಬೇಕಾದ ಕೆಲಸವೇ ಹೀಗೆ ಎರಡು ಕಡತ ಮಾಡಿಕೊಳ್ಳುವುದು.

ಹತ್ತರಲ್ಲಿ ಮೂರು

ಒಲಿಂಪಿಕ್ ಪದಕದಂಥ, ಜಗತ್ತೇ ಬಲ್ಲ ಒಂದು ದೊಡ್ಡ ಗೌರವ ಇದ್ದರೆ ಮೊದಲ ಹಂತಕ್ಕೆ ಅದೊಂದೇ ಸಾಕು. ಇಲ್ಲದವರಿಗೆ ಹತ್ತು ಮಾನದಂಡಗಳ ಪಟ್ಟಿ ಇದೆ. ಕನಿಷ್ಠ ಮೂರನ್ನು ಮುಟ್ಟಬೇಕು. ಕಲಾ ಪ್ರದರ್ಶನ, ಪ್ರದರ್ಶನ ಕಲೆಗಳಲ್ಲಿ ವ್ಯಾಪಾರಿ ಯಶಸ್ಸು ಇವೆರಡು ಕೋಚ್‌ಗಳಿಗೆ ಸಂಬಂಧವೇ ಇಲ್ಲ. ವಿದ್ವತ್ ಲೇಖನ ಬರೆದ ಕೋಚ್‌ಗಳೂ ಅಪರೂಪ. ಉಳಿದ ಏಳರಲ್ಲಿ ಆಟ.

ಪ್ರಶಸ್ತಿಯಿಂದ ಶುರು ಮಾಡೋಣ. ಪದಕ ಶಿಷ್ಯನ ಕೊರಳಲ್ಲಿದೆ, ಪ್ರಶಸ್ತಿ ಪತ್ರದಲ್ಲಿ ಶಿಷ್ಯನ ಹೆಸರಿದೆ. ಕೋಚ್‌ಗೆ ಏನು ಸಿಕ್ಕಿತು? ನಿಯಮ ಕೇಳುವುದು ಅರ್ಜಿದಾರರು ಸ್ವತಃ ಪಡೆದ ಪ್ರಶಸ್ತಿಯನ್ನು. ಬೆಂಗಳೂರಿನ ಈಜು ಕೋಚ್ ನಿಹಾರ್ ಅಮೀನ್ ಅವರಿಗೆ 2015ರಲ್ಲಿ ಬಂದ ದ್ರೋಣಾಚಾರ್ಯದಂಥದ್ದು ಕೋಚ್‌ನ ಹೆಸರಿಗೇ ಬರುತ್ತದೆ, ಆದ್ದರಿಂದ ಗೊಂದಲವಿಲ್ಲ. ತಂಡದ ಗೆಲುವಿನ ವಿಷಯದಲ್ಲಿ ಗೊಂದಲ ಇತ್ತು. 2024ರ ಅಕ್ಟೋಬರ್‌ನಲ್ಲಿ ಇಲಾಖೆ ಕೈಪಿಡಿ ತಿದ್ದಿ, ತಂಡದ ಭಾಗವಾಗಿ ಪಡೆದ ಪ್ರಶಸ್ತಿಯನ್ನೂ ಪರಿಗಣಿಸುತ್ತೇವೆ ಎಂದು ಸ್ಪಷ್ಟಪಡಿಸಿತು. ಆದರೂ ಪ್ರಶಸ್ತಿ ಪಡೆದವರಲ್ಲಿ ಕೋಚ್ ಕೂಡ ಒಬ್ಬರು ಎಂಬುದಕ್ಕೆ ದಾಖಲೆ ಇರಬೇಕು. ಗ್ರೂಪ್ ಫೋಟೋದ ಮೂಲೆಯಲ್ಲಿ ಟ್ರ್ಯಾಕ್ ಸೂಟ್ ಹಾಕಿ ನಿಂತಿರುವುದು ದಾಖಲೆಯಲ್ಲ.

ಸದಸ್ಯತ್ವ ಎಂಬ ಮಾನದಂಡದಲ್ಲಿ ಬಹಳ ಜನ ಮೋಸಹೋಗುತ್ತಾರೆ. ಪರೀಕ್ಷೆ ಪಾಸು ಮಾಡಿ ಪಡೆದ ಕೋಚಿಂಗ್ ಲೈಸೆನ್ಸ್, ಶುಲ್ಕ ಕಟ್ಟಿ ಸೇರಿದ ಸಂಘ, ಇಷ್ಟು ವರ್ಷ ಅನುಭವ ಇದ್ದರೆ ಸಿಗುವ ಸದಸ್ಯತ್ವ ಇವು ಯಾವುವೂ ಸಾಲವು. ಆ ಸಂಘ ಸದಸ್ಯರಾಗಲು ಎದ್ದು ಕಾಣುವ ಸಾಧನೆಯನ್ನೇ ಕೇಳಬೇಕು, ಆ ಸಾಧನೆಯನ್ನು ಅಳೆಯುವವರು ಕ್ಷೇತ್ರದ ಪರಿಣತರಾಗಿರಬೇಕು.

ಇತರರ ಕೆಲಸವನ್ನು ಅಳೆದದ್ದು ಇನ್ನೊಂದು. ಶಿಷ್ಯನ ಮೊಣಕೈ ತಿದ್ದುವುದು ಕೋಚ್‌ನ ದಿನದ ಕೆಲಸ, ಅದು ತೀರ್ಪುಗಾರಿಕೆ ಆಗದು. ಆಯ್ಕೆ ಸಮಿತಿಯಲ್ಲಿ ಕೂತದ್ದು, ಬೇರೆ ಕೋಚ್‌ಗಳ ಪರೀಕ್ಷಕರಾದದ್ದು ಈ ಕಡೆಗೆ ಬರುವಂಥವು. ಇಲ್ಲೊಂದು ಸೂಕ್ಷ್ಮ: ಕರೆ ಬಂದಿತ್ತು ಎಂದು ಆಹ್ವಾನ ಪತ್ರ ತೋರಿಸಿದರೆ ಆಗಲಿಲ್ಲ, ಹೋಗಿ ಕೆಲಸ ಮಾಡಿದ್ದಕ್ಕೆ ಸಾಕ್ಷಿ ಬೇಕು.

ಸಂಬಳದ ಬಗ್ಗೆ ಒಂದು ಸಮಾಧಾನದ ಮಾತಿದೆ. ರೂಪಾಯಿಯನ್ನು ಡಾಲರ್‌ಗೆ ಪರಿವರ್ತಿಸಿ ‘ಇಷ್ಟೇನಾ?’ ಎನ್ನುವಂತಿಲ್ಲ. ಭಾರತದಲ್ಲಿ ಕೆಲಸ ಮಾಡುವವರ ಗಳಿಕೆಯನ್ನು ಭಾರತದ ಅದೇ ವೃತ್ತಿಯವರ ಜೊತೆಗೇ ಹೋಲಿಸಬೇಕು ಎಂದು ಕೈಪಿಡಿ ಹೇಳುತ್ತದೆ. ಕಷ್ಟ ಏನೆಂದರೆ ನಮ್ಮಲ್ಲಿ ಕೋಚ್‌ಗಳ ಸಂಬಳಕ್ಕೆ ನೆಟ್ಟಗಿನ ಅಂಕಿಅಂಶ ಸಿಗುವುದೇ ಅಪರೂಪ, ಎಷ್ಟೋ ಕಡೆ ಫೀಸು ನಗದಿನಲ್ಲೇ ಕೈ ಬದಲಾಗುತ್ತದೆ. ತೆರಿಗೆ ಕಡತದಲ್ಲಿ ಇಲ್ಲದ ಹಣಕ್ಕೆ ಇಲ್ಲಿ ಬೆಲೆಯಿಲ್ಲ.

ಕೋಚ್‌ಗಳಿಗೆ ನಿಜವಾಗಿ ಗಟ್ಟಿ ಅನ್ನಿಸುವುದು ‘ಪ್ರಮುಖ ಅಥವಾ ನಿರ್ಣಾಯಕ ಪಾತ್ರ’. ಸಂಸ್ಥೆ ಹೆಸರುವಾಸಿಯಾಗಿರಬೇಕು, ಅದರಲ್ಲಿ ನಿಮ್ಮ ಪಾತ್ರ ದೊಡ್ಡದಾಗಿರಬೇಕು. ರಾಷ್ಟ್ರೀಯ ತಂಡದ ಮುಖ್ಯ ಕೋಚ್ ಅಂದರೆ ಹುದ್ದೆಯೇ ಮಾತಾಡುತ್ತದೆ. ಸಹಾಯಕ ಕೋಚ್ ಆದರೆ ತನ್ನಿಂದ ಏನು ಬದಲಾಯಿತು ಎಂದು ಬಿಡಿಸಿ ತೋರಿಸಬೇಕು. ಹೆಸರಿಲ್ಲದ ಅಕಾಡೆಮಿಗೆ ಸ್ಥಾಪಕ, ನಿರ್ದೇಶಕ, ಮುಖ್ಯ ಕೋಚ್ ಎಲ್ಲ ಆಗಿದ್ದರೂ ಪ್ರಯೋಜನ ಕಡಿಮೆ.

ಪಟ್ಟಿ ತನ್ನ ವೃತ್ತಿಗೆ ಹೊಂದದಿದ್ದಾಗ ಅದಕ್ಕೆ ಸಮನಾದ ಬೇರೆ ಪುರಾವೆ ಕೊಡಲೂ ಅವಕಾಶವಿದೆ. ಕೋಚ್‌ನ ಮುಖ್ಯ ಮಾರ್ಗದರ್ಶನದಲ್ಲಿ ಇದ್ದಾಗಲೇ ಶಿಷ್ಯ ಒಲಿಂಪಿಕ್ ಪದಕ ಗೆದ್ದರೆ, ಅದು ಕ್ಷೇತ್ರಕ್ಕೆ ನೀಡಿದ ಮಹತ್ವದ ಕೊಡುಗೆಗೆ ಸಮ ಎನ್ನಬಹುದು ಎಂದು 2010ರಲ್ಲಿ ಇಲಾಖೆ ಅಧಿಕಾರಿಗಳಿಗೆ ಕಳಿಸಿದ ಸೂಚನೆಯೇ ಉದಾಹರಣೆ ಕೊಟ್ಟಿತ್ತು. ‘ಮುಖ್ಯ’ ಮತ್ತು ‘ಇದ್ದಾಗಲೇ’ ಎಂಬ ಎರಡು ಪದಗಳ ಮೇಲೆ ಬೆರಳಿಡಿ. ಹತ್ತನೇ ವಯಸ್ಸಿನಲ್ಲಿ ಬೇಸಿಗೆ ಶಿಬಿರಕ್ಕೆ ಬಂದಿದ್ದ ಹುಡುಗಿ ಇಪ್ಪತ್ತೆರಡಕ್ಕೆ ಪದಕ ಗೆದ್ದರೆ, ಅದು ಶಿಬಿರದ ಮೇಷ್ಟ್ರ ಲೆಕ್ಕಕ್ಕೆ ಬಾರದು.

ಒಂದು ಪೇಪರ್ ಕಟಿಂಗ್ ಕೈಗೆತ್ತಿಕೊಂಡರೆ

ಬಹುತೇಕ ಕೋಚ್‌ಗಳ ಬಳಿ ಪ್ಲಾಸ್ಟಿಕ್ ಫೋಲ್ಡರ್ ಒಂದಿರುತ್ತದೆ. ಅದರೊಳಗೆ ಹಳದಿ ತಿರುಗಿದ ಕಟಿಂಗ್. ಎರಡು ಕಾಲಂ ಸುದ್ದಿ, ಪದಕ ಕಚ್ಚಿ ಹಿಡಿದ ಹುಡುಗನ ಚಿತ್ರ, ರಾಷ್ಟ್ರೀಯ ಜೂನಿಯರ್ ಕೂಟದ ವಿವರ, ಅಪ್ಪ ಅಮ್ಮನ ಊರು, ಓದುತ್ತಿರುವ ಕಾಲೇಜು. ಕಟ್ಟಕಡೆಗೆ ಒಂದು ಸಾಲು: ‘ಇವರು ಇಂಥವರ ಬಳಿ ತರಬೇತಿ ಪಡೆಯುತ್ತಿದ್ದಾರೆ.’ ಆ ಸಾಲಿಗೆ ಯಾರೋ ಪೆನ್ನಿನಲ್ಲಿ ಅಡಿಗೆರೆ ಎಳೆದಿದ್ದಾರೆ.

ಇದನ್ನು ನಿಯಮದ ಕಣ್ಣಿನಿಂದ ನೋಡಿ. ಪ್ರಕಟವಾದ ಬರಹ ಅರ್ಜಿದಾರರ ಬಗ್ಗೆ, ಅವರ ಕೆಲಸದ ಬಗ್ಗೆ ಇರಬೇಕು. ಇದು ಹುಡುಗನ ಬಗ್ಗೆ ಇದೆ. ಶೀರ್ಷಿಕೆ, ದಿನಾಂಕ, ಬರೆದವರ ಹೆಸರು ಬೇಕು. ಕತ್ತರಿಸುವಾಗ ದಿನಾಂಕ ಹೋಗಿದೆ, ಬರೆದವರ ಜಾಗದಲ್ಲಿ ‘ಕ್ರೀಡಾ ವರದಿಗಾರರಿಂದ’ ಎಂದಿದೆ. ಪ್ರಕಟಿಸಿದ್ದು ಪ್ರಮುಖ ಮಾಧ್ಯಮವೋ ವೃತ್ತಿ ಪತ್ರಿಕೆಯೋ ಆಗಿರಬೇಕು. ಪತ್ರಿಕೆಯ ಪ್ರಸಾರ ಸಂಖ್ಯೆ ಎಲ್ಲೂ ಇಲ್ಲ. ಕನ್ನಡದಲ್ಲಿದೆ ಎಂಬುದೇನೂ ಅಡ್ಡಿಯಲ್ಲ. ಆದರೆ ಪೂರ್ತಿ ಇಂಗ್ಲಿಷ್ ಅನುವಾದ ಲಗತ್ತಿಸಿ, ಅನುವಾದಕರು ‘ಎರಡೂ ಭಾಷೆ ಬಲ್ಲೆ, ಇದು ಸರಿಯಾಗಿದೆ’ ಎಂದು ಸಹಿ ಮಾಡಿಕೊಟ್ಟಿರಬೇಕು. ಅಡಿಗೆರೆ ಎಳೆದ ಸಾಲನ್ನು ಮಾತ್ರ ಅನುವಾದಿಸಿದರೆ ನಡೆಯುವುದಿಲ್ಲ.

ಹೀಗೆ ನೋಡುತ್ತಾ ಹೋದರೆ ದಪ್ಪ ಫೋಲ್ಡರ್ ತೆಳ್ಳಗಾಗುತ್ತದೆ. ಕೋಚ್‌ನ ಕೆಲಸವನ್ನೇ ಮುಂದಿಟ್ಟು ಬರೆದ ಒಂದು ಅರ್ಧ ಪುಟದ ಲೇಖನ ಇಂಥ ಐವತ್ತು ಕಟಿಂಗ್‌ಗೆ ಸಮ.

ಹೊಗಳಿಕೆ ಪತ್ರಗಳ ಮಿತಿ

ಕಟಿಂಗ್ ಕೈಕೊಟ್ಟಾಗ ಜನ ಪತ್ರಗಳ ಮೊರೆ ಹೋಗುತ್ತಾರೆ. ‘ಇವರು ಶ್ರದ್ಧಾವಂತರು, ಇವರಂಥ ಕೋಚ್ ಸಿಗುವುದು ಪುಣ್ಯ’ ಎಂದು ಹತ್ತು ಜನ ಬರೆದುಕೊಟ್ಟರೂ ಅಧಿಕಾರಿಗೆ ಅದರಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಏನು ಮಾಡಿದರು, ಯಾವಾಗ, ಅದರಿಂದ ಯಾರು ಏನು ಬದಲಾಯಿಸಿಕೊಂಡರು ಎಂಬ ವಿವರ ಬೇಕು.

ಹೊಸ ತರಬೇತಿ ವಿಧಾನ ಕಂಡುಹಿಡಿದೆ ಎನ್ನುವವರಿಗೆ 2013ರ ಒಂದು ತೀರ್ಪು ಪಾಠ. ಬಾಲ್‌ರೂಮ್ ನೃತ್ಯಗಾರ್ತಿಯೊಬ್ಬರು ತಾನೊಂದು ವಿಶಿಷ್ಟ ತಂತ್ರ ರೂಪಿಸಿದ್ದೇನೆ ಎಂದು ವಾದಿಸಿದ್ದರು. ಬೆಂಬಲಕ್ಕೆ ಪತ್ರಗಳೂ ಇದ್ದವು. ಆ ತಂತ್ರ ಇಡೀ ಕ್ಷೇತ್ರದ ಮೇಲೆ ಪರಿಣಾಮ ಬೀರಿದ್ದು ಸಾಬೀತಾಗಿಲ್ಲ ಎಂದ ಇಲಾಖೆಯ ನಿಲುವನ್ನು ವಾಷಿಂಗ್ಟನ್‌ನ ಜಿಲ್ಲಾ ನ್ಯಾಯಾಲಯ ಎತ್ತಿಹಿಡಿಯಿತು. ನಿಮ್ಮ ವಿಧಾನದಿಂದ ನಿಮ್ಮ ಶಿಷ್ಯರು ಗೆದ್ದರೆ ನೀವು ಒಳ್ಳೆಯ ಕೋಚ್. ಬೇರೆ ರಾಜ್ಯದ, ಬೇರೆ ದೇಶದ ಕೋಚ್‌ಗಳು ಅದನ್ನು ಎತ್ತಿಕೊಂಡು ಬಳಸುತ್ತಿದ್ದರೆ ಆಗ ಅದು ಕ್ಷೇತ್ರಕ್ಕೆ ಕೊಡುಗೆ.

ಜಾತಕ ಕೂಡಿದ ಮೇಲೆ

ಮೂರು ಮಾನದಂಡ ಮುಟ್ಟಿದರೆ ಕೆಲಸ ಆಯಿತೇ? ಇಲ್ಲ. ಜಾತಕದಲ್ಲಿ ಗುಣಗಳು ಕೂಡಿ ಬಂದವು ಅಂದ ಮಾತ್ರಕ್ಕೆ ಮದುವೆ ನಿಶ್ಚಯವಾಗುತ್ತದೆಯೇ? ಆಮೇಲೆ ಮನೆ ನೋಡಬೇಕು, ಮಾತುಕತೆ ಆಗಬೇಕು. ಇಲ್ಲೂ ಎರಡು ಹಂತ. 2010ರಲ್ಲಿ ಕಜಾರಿಯನ್ ಎಂಬ ಭೌತವಿಜ್ಞಾನಿಯ ಪ್ರಕರಣದಲ್ಲಿ ಒಂಬತ್ತನೇ ವಲಯದ ಮೇಲ್ಮನವಿ ನ್ಯಾಯಾಲಯ ಕೊಟ್ಟ ತೀರ್ಪಿನಿಂದ ಇಲಾಖೆ ಈ ಕ್ರಮವನ್ನು ರೂಪಿಸಿಕೊಂಡಿತು. ಮೊದಲು ಮೂರು ಇವೆಯೇ ಎಂದು ಎಣಿಸುವುದು. ನಂತರ ಎಲ್ಲ ಪುರಾವೆಯನ್ನೂ ಒಟ್ಟಿಗೆ ಹರಡಿಕೊಂಡು, ಈ ವ್ಯಕ್ತಿ ನಿಜವಾಗಿ ತುದಿಯಲ್ಲಿರುವ ಕೆಲವರಲ್ಲಿ ಒಬ್ಬರೇ ಎಂದು ಕೇಳಿಕೊಳ್ಳುವುದು.

ಶಾಲಾ ಮಟ್ಟದ ಪ್ರಶಸ್ತಿ, ಜಿಲ್ಲಾ ಆಯ್ಕೆ ಸಮಿತಿ, ಅರ್ಧ ಪುಟದ ಲೇಖನ ಸೇರಿಸಿ ಹೇಗೋ ಮೂರು ಹೊಂದಿಸಿಕೊಂಡವರು ಎಡವುವುದು ಈ ಎರಡನೇ ಹಂತದಲ್ಲಿ. ಜೂನಿಯರ್ ಕೋಚ್‌ಗಳಲ್ಲಿ ಅಗ್ರಗಣ್ಯ ಎಂದರೂ, ಹೋಲಿಕೆ ನಡೆಯುವುದು ಆ ಕ್ಷೇತ್ರದ ಅತ್ಯುನ್ನತ ಮಟ್ಟದ ಕೋಚ್‌ಗಳ ಜೊತೆ ಎಂಬ ಉತ್ತರ ಬರಬಹುದು.

ಹಾಗೆಂದು ಸಂಶಯಕ್ಕೆ ಎಡೆಯೇ ಇಲ್ಲದಂತೆ ಸಾಬೀತು ಮಾಡಬೇಕಿಲ್ಲ. ಹೇಳಿಕೆ ಸುಳ್ಳಾಗಿರುವುದಕ್ಕಿಂತ ನಿಜವಾಗಿರುವ ಸಂಭವ ಹೆಚ್ಚು ಎನ್ನಿಸಿದರೆ ಸಾಕು. ತಕ್ಕಡಿ ಗುಲಗಂಜಿಯಷ್ಟು ಈ ಕಡೆ ವಾಲಿದರೂ ಆಯಿತು. ಪುರಾವೆ ಸಾಲದು ಅನ್ನಿಸಿದರೆ ಅಧಿಕಾರಿ ಇನ್ನಷ್ಟು ಕೇಳಿ ಪತ್ರ ಕಳಿಸಬಹುದು. ಉತ್ತರಕ್ಕೆ ಗರಿಷ್ಠ ಹನ್ನೆರಡು ವಾರ ಕೊಡುತ್ತಾರೆ. ಅಂಥ ಪತ್ರ ಬಂತೆಂದರೆ ತಿರಸ್ಕಾರವಲ್ಲ.

ಒಪ್ಪಿಗೆ ಸಿಕ್ಕರೂ ಸಾಲು ಇದೆ

ಹೆಚ್ಚುವರಿ ಶುಲ್ಕ ಕಟ್ಟಿದರೆ 15 ಕೆಲಸದ ದಿನಗಳಲ್ಲಿ ಐ-140ರ ಮೇಲೆ ಇಲಾಖೆ ಏನಾದರೊಂದು ಕ್ರಮ ಕೈಗೊಳ್ಳುತ್ತದೆ. ಆದರೆ ಅದು ಒಪ್ಪಿಗೆಯಾದರೂ ಗ್ರೀನ್ ಕಾರ್ಡ್ ಅಲ್ಲ, ಸಾಲಿನಲ್ಲಿ ನಿಲ್ಲುವ ಟೋಕನ್. ಉದ್ಯೋಗ ಆಧಾರಿತ ವಲಸೆಗೆ ವರ್ಷಕ್ಕೆ ಸುಮಾರು 1,40,000 ಜಾಗ. ಅದರಲ್ಲಿ ಇಬಿ-1ಎ ಸೇರಿದಂತೆ ಇಡೀ ಇಬಿ-1 ವರ್ಗಕ್ಕೆ ಶೇ 28.6. ಒಂದೊಂದು ದೇಶಕ್ಕೂ ಶೇ 7ರ ಮಿತಿ ಇರುವುದರಿಂದ ಭಾರತದವರ ಸಾಲು ಉದ್ದವಿದೆ. ಪ್ರತಿ ತಿಂಗಳು ಬರುವ ವೀಸಾ ಬುಲೆಟಿನ್‌ನಲ್ಲಿ ಯಾವ ದಿನಾಂಕದವರೆಗೆ ಅರ್ಜಿ ಹಾಕಿದವರ ಸರದಿ ಬಂದಿದೆ ಎಂದು ನೋಡಿಕೊಳ್ಳಬೇಕು. ಗಂಡ ಅಥವಾ ಹೆಂಡತಿ ಮತ್ತು 21ರೊಳಗಿನ ಅವಿವಾಹಿತ ಮಕ್ಕಳು ಇದೇ ಅರ್ಜಿಯ ಜೊತೆ ಬರುತ್ತಾರೆ.

ಸಾಲು ತೀರ್ಮಾನವಾಗುವುದು ಪಾಸ್‌ಪೋರ್ಟ್‌ನಿಂದಲ್ಲ, ಹುಟ್ಟಿದ ದೇಶದಿಂದ. ಸಂಗಾತಿ ಬೇರೆ ದೇಶದಲ್ಲಿ ಹುಟ್ಟಿದ್ದರೆ ಇಬ್ಬರೂ ಆ ದೇಶದ ಸಾಲಿಗೆ ಸೇರಿಕೊಳ್ಳಬಹುದು. ಕರಾವಳಿಯ ಎಷ್ಟೋ ಮನೆಗಳಲ್ಲಿ ದುಬೈಯಲ್ಲೋ ಮಸ್ಕತ್‌ನಲ್ಲೋ ಹುಟ್ಟಿ ಮಂಗಳೂರಿನಲ್ಲಿ ಓದಿದವರಿದ್ದಾರೆ. ಹಾಗೆ ಹುಟ್ಟಿದವರನ್ನು ಮದುವೆಯಾದ ಕೋಚ್, ಹೆಂಡತಿಯದೋ ಗಂಡನದೋ ಜನನ ಪ್ರಮಾಣಪತ್ರವನ್ನು ಪದಕಗಳ ಫೋಲ್ಡರಿನ ಪಕ್ಕದಲ್ಲೇ ಜೋಪಾನವಾಗಿ ಇಟ್ಟುಕೊಳ್ಳಬೇಕು.